ಹೆದೆ ಏರಿಸುವ ಮುಂಚೆ

ಪ್ರೀತಿಯ ಹುಡುಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಗ್ರೀಕ್ ಪುರಾಣದ ಬಿಲ್ಲುಗಾರರ ಕತೆಗಳನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀಯ, ಸಂತೋಷ. ಯಾವ ಪ್ರಕಾಶಕರಿಗೆ ಕೊಡಲಿ, ಎಷ್ಟು ಪುಟ ಇರಬೇಕು, ಮುನ್ನುಡಿ ಯಾರ ಹತ್ತಿರ ಬರೆಸಲಿ ಎಂದೆಲ್ಲ ಕೇಳಿದ್ದೀಯ. ಅದಕ್ಕೆ ಉತ್ತರ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ನನ್ನನ್ನು ಬಿಡು. ‘ನನಗೆ ಬರೆಯೋದು ಬರಲ್ಲ ಅನ್ಸುತ್ತೆ’ ಅಂತ ಕೊನೆಯಲ್ಲಿ ಗೀಚಿದ್ದೀಯಲ್ಲ, ಅದನ್ನು ನಾನು ನಂಬುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಜಗಳ.

ಮೂರನೆಯ ಅಧ್ಯಾಯ ತೆಗೆ. ಇಥಾಕಾದ ಅರಮನೆಯಲ್ಲಿ, ಟ್ರಾಯ್ ಯುದ್ಧಕ್ಕೆ ಹೋದ ರಾಜ ಒಡಿಸ್ಸಿಯಸ್‌ನ ಬಿಲ್ಲು 20 ವರ್ಷದಿಂದ ‘ಹೆದೆ ಬಿಗಿದುಕೊಂಡು ಯಜಮಾನನಿಗಾಗಿ ಕಾಯುತ್ತಿತ್ತು’ ಎಂದು ಬರೆದಿದ್ದೀಯ. ಸಾಲು ಚೆನ್ನಾಗಿದೆ. ಯಾರೋ ಹೊಗಳಿಯೂ ಇರಬೇಕು. ಆದರೆ ಹೆದೆ ಬಿಗಿದಿಟ್ಟ ಬಿಲ್ಲು ಅಷ್ಟು ವರ್ಷ ಕಾಯುವುದಿಲ್ಲ ಕಣಮ್ಮ, ಸತ್ತೇ ಹೋಗುತ್ತದೆ. ಬಗ್ಗಿದ ಆಕಾರಕ್ಕೇ ಒಗ್ಗಿ ಕಸುವು ಕಳೆದುಕೊಳ್ಳುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ಹೆದೆ ಇಳಿಸಿಡುತ್ತಾರೆ. ಗ್ರೀಕ್ ಕವಿ ಹೋಮರನ ಕತೆಯಲ್ಲಿ ಬಿಲ್ಲು ಚೀಲದೊಳಗಿದೆ, ಗೂಟಕ್ಕೆ ನೇತಾಡುತ್ತಿದೆ, ಹೆದೆ ಇಳಿದಿದೆ. ಇಳಿದಿರುವುದರಿಂದ ತಾನೇ, ಅದನ್ನು ಏರಿಸಿ ಕೊಡಲಿಗಳ ಸಾಲಿನ ನಡುವೆ ಬಾಣ ಹಾಯಿಸಿದವನಿಗೆ ರಾಣಿ ಎನ್ನುವ ಪಂದ್ಯ? ನಿನ್ನ ಒಂದು ಚಂದದ ಸಾಲು ಕತೆಯನ್ನೇ ನುಂಗಿದೆ. ರಾಣಿ ಪೆನೆಲೊಪಿಯನ್ನು ಮದುವೆಯಾಗಲು ಬಂದು ಕೂತ ಆ ಪುಂಡರಿಗೆ ಇನ್ನೇನು ಕೆಲಸ ಉಳಿಯಿತು?

ಹೋಮರನ ಆ ಕಾವ್ಯ ಒಡಿಸ್ಸಿಯ 21ನೆಯ ಭಾಗ 434 ಸಾಲು ಇದೆ. ಬಾಣ ಹಾರುವುದು 420ರ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಏನು ನಡೆಯುತ್ತದೆ? ಪೆನೆಲೊಪಿ ದಂತದ ಹಿಡಿಯ ಬೀಗದಕೈ ತರುತ್ತಾಳೆ. ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾಳೆ. ಮಗ ಟೆಲೆಮಾಕಸ್ ನೆಲ ತೋಡಿ 12 ಕೊಡಲಿಗಳನ್ನು ಸಾಲಾಗಿ ನೆಡುತ್ತಾನೆ, ಮಣ್ಣು ತುಳಿದು ಗಟ್ಟಿ ಮಾಡುತ್ತಾನೆ. ಮೂರು ಸಲ ಹೆದೆ ಏರಿಸಲು ಹೋಗಿ ಸೋಲುತ್ತಾನೆ. ನಾಲ್ಕನೆಯ ಸಲ ಆಗಿಯೇಬಿಡುತ್ತಿತ್ತು, ಭಿಕ್ಷುಕನ ವೇಷದಲ್ಲಿ ಮನೆಗೆ ಮರಳಿದ ಅಪ್ಪ ಬೇಡ ಎಂದು ಸನ್ನೆ ಮಾಡುತ್ತಾನೆ. ಆಮೇಲೆ ಪುಂಡರ ಸರದಿ. ಲಿಯೋಡಿಸ್‌ನ ಕೈ ಮೆತ್ತಗಿನದು, ನೋಯುತ್ತದೆ. ಆಂಟಿನೋಯಸ್ ಬೆಂಕಿ ಹಾಕಿಸಿ ಕೊಬ್ಬಿನ ಉಂಡೆ ತರಿಸುತ್ತಾನೆ, ಬಿಲ್ಲಿಗೆ ಕಾವು ಕೊಟ್ಟು ಸವರಿ ಮೆದುಮಾಡೋಣ ಅಂತ. ಯೂರಿಮಾಕಸ್ ತಿರುಗಿಸಿ ತಿರುಗಿಸಿ ಕಾಯಿಸುತ್ತಾನೆ. ಆಗುವುದಿಲ್ಲ.

ಕೊನೆಗೆ ಆ ಭಿಕ್ಷುಕನ ವೇಷದವನ ಕೈಗೆ ಬಿಲ್ಲು ಬರುತ್ತದೆ. ಅವನು ಮೊದಲು ಮಾಡುವುದೇನು? ಯಜಮಾನನಿಲ್ಲದ ಕಾಲದಲ್ಲಿ ಬಿಲ್ಲಿನ ಕೊಂಬಿಗೆ ಹುಳ ಬಿದ್ದಿದೆಯೋ ಎಂದು ಆಚೆ ಈಚೆ ತಿರುಗಿಸಿ ನೋಡುತ್ತಾನೆ. ಹುಳ! ನನಗೆ ಇಡೀ ಮಹಾಕಾವ್ಯದಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಕಡಿಮೆ. ನೀನು ಇದನ್ನೆಲ್ಲ ‘ದಿವ್ಯ ಧನುಸ್ಸನ್ನೆತ್ತಿ ಕ್ಷಣಾರ್ಧದಲ್ಲಿ ಬಾಣ ಹೂಡಿದ’ ಎಂದು ಮುಗಿಸಿದ್ದೀಯ. ಸಾಲದ್ದಕ್ಕೆ ಅರ್ಜುನನನ್ನೂ ಮೀನಿನ ಕಣ್ಣನ್ನೂ ತಂದು ಕೂರಿಸಿದ್ದೀಯ. ಅವನು ಅವನ ಮಂಟಪದಲ್ಲೇ ಇರಲಿ.

ನನ್ನದು ಇದೊಂದೇ ಹುಚ್ಚು, ಗೊತ್ತು. ಬಹಳ ಹಿಂದೆ ಒಬ್ಬ ಸಂಪಾದಕರು ನನ್ನ ಕತೆಯಿಂದ ಬಲೆ ಹೆಣೆಯುವ ಎರಡು ಪ್ಯಾರಾ ಕಿತ್ತುಹಾಕಿದರು. ‘ಓದುಗರಿಗೆ ಬೋರ್ ಆಗುತ್ತೆ’ ಅಂದರು. ಆ ಕತೆಗೆ ಬಹುಮಾನ ಬಂತು. ಬಲೆಯೇ ಇಲ್ಲದೆ ಮೀನು ಹೇಗೆ ಸಿಕ್ಕಿತು ಎಂದು ಹೊಗಳಿದವರಲ್ಲಿ ಒಬ್ಬರೂ ಕೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಪ್ಯಾಂಡರಸ್‌ನನ್ನು ನೀನು ಬಿಟ್ಟೇಬಿಟ್ಟಿದ್ದೀಯ. ಯಾಕೆ, ಟ್ರಾಯ್ ಕಡೆಯ ಬಿಲ್ಲುಗಾರ, ಸೋತವನು ಅಂತಲೇ? ಟ್ರಾಯ್ ಯುದ್ಧದ ಕತೆ ಹೇಳುವ ಹೋಮರನ ಇನ್ನೊಂದು ಕಾವ್ಯ ಇಲಿಯಡ್‌ನ ನಾಲ್ಕನೆಯ ಭಾಗ ನೋಡು. ಅವನ ಬಿಲ್ಲು ಅವನೇ ಹೊಂಚುಹಾಕಿ ಹೊಡೆದ ಕಾಡುಮೇಕೆಯ ಕೊಂಬಿನದು. ಬಂಡೆಯಿಂದ ಹೊರಗೆ ಬರುವಾಗ ಎದೆಗೆ ಹೊಡೆದದ್ದು. ಕೊಂಬು 16 ಅಂಗೈ ಅಗಲದಷ್ಟು ಉದ್ದ. ಅವನು ಬಿಲ್ಲನ್ನು ನೆಲಕ್ಕೆ ಊರಿ ಹೆದೆ ಏರಿಸುವಾಗ ಜೊತೆಯವರು ಗುರಾಣಿ ಅಡ್ಡ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಬಿಲ್ಲುಗಾರನಷ್ಟು ನಿಸ್ಸಹಾಯಕ ಯಾರೂ ಇಲ್ಲ. ಹೆದೆ ಎದೆಯವರೆಗೆ ಬರುತ್ತದೆ, ಅಲಗು ಬಿಲ್ಲಿಗೆ ತಾಗುತ್ತದೆ. ಗುರಿಯಾಗಿದ್ದ ಗ್ರೀಕ್ ರಾಜ ಮೆನೆಲಾಸ್‌ಗೆ ಗಾಯವಾಗುತ್ತದೆ, ಸಾಯುವುದಿಲ್ಲ. ಮುಂದಿನ ಭಾಗದಲ್ಲಿ ಅದೇ ಪ್ಯಾಂಡರಸ್ ಗೊಣಗುತ್ತಾನೆ: ಮೇವು ಸಿಗಲಿಕ್ಕಿಲ್ಲ ಎಂದು ಕುದುರೆಗಳನ್ನು ಮನೆಯಲ್ಲೇ ಬಿಟ್ಟು ಈ ಬಿಲ್ಲನ್ನು ನಂಬಿ ಬಂದೆ, ಊರಿಗೆ ಹೋದರೆ ಇದನ್ನು ಮುರಿದು ಬೆಂಕಿಗೆ ಹಾಕುತ್ತೇನೆ. ಇಂಥವನನ್ನು ಬಿಟ್ಟು ದೇವರು ಅಪೊಲೊನ ಬೆಳ್ಳಿಯ ಬಿಲ್ಲಿಗೆ ನಾಲ್ಕು ಪುಟವೇ?

ಗ್ರೀಕ್ ಸೇನಾಪತಿ ಅಗಮೆಮ್ನಾನ್ ಜಿಂಕೆ ಹೊಡೆಯುವ ದೃಶ್ಯವೂ ಹಾಗೇ. ಬಾಣ ತಾಗಿದ ಕೂಡಲೇ ನಿನ್ನ ಜಿಂಕೆ ಕುಸಿಯುತ್ತದೆ. ಬಾಣ ಕೊಲ್ಲುವುದು ರಕ್ತ ಹರಿಸಿ. ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ ಸರಿಯಾಗಿ ಬಿದ್ದರೂ ಪ್ರಾಣಿ ಸಾಮಾನ್ಯವಾಗಿ ಓಡುತ್ತದೆ. ಬೇಟೆಗಾರ ಬೆನ್ನಟ್ಟುವುದಿಲ್ಲ, ಸುಮ್ನೆ ಕೂತು ಕಾಯುತ್ತಾನೆ. ಆಮೇಲೆ ಎಲೆಗಳ ಮೇಲಿನ ರಕ್ತದ ಹನಿ ನೋಡುತ್ತ ಹೋಗುತ್ತಾನೆ. ಬೇಟೆಯ ದೇವತೆ ಆರ್ಟೆಮಿಸ್‌ಗಿಂತ ನಾನೇ ಮೇಲು ಎಂದು ಅವನು ಜಂಬ ಕೊಚ್ಚಿದ್ದು ಆ ಕಾಯುವ ಹೊತ್ತಿನಲ್ಲಿ ಅಂತ ಇಟ್ಟುಕೋ. ಜಿಂಕೆ ಇನ್ನೂ ಎಲ್ಲೋ ಉಸಿರಾಡುತ್ತಿದೆ, ಇವನ ಬಾಯಿ ನಿಲ್ಲುತ್ತಿಲ್ಲ. ಆಗ, ಆ ದೇವತೆಯ ಸಿಟ್ಟಿಗೆ ಬಂದರಾದ ಆಲಿಸ್‌ನಲ್ಲಿ ಹಡಗುಗಳು ಕದಲದೆ ನಿಂತದ್ದಕ್ಕೂ, ಬಲಿಗೆ ನಿಂತ ಅವನ ಮಗಳು ಇಫಿಜೆನಿಯಾಳ ಕೊರಳಿಗೂ ದಾರಿ ತಾನಾಗಿ ಸಿಗುತ್ತದೆ. (ಇದನ್ನು ಕಲಿಯಲು ಕಾಡಿಗೆ ಹೋಗಬೇಡ ಮತ್ತೆ, ನಮ್ಮಲ್ಲಿ 1972ರ ವನ್ಯಜೀವಿ ಕಾನೂನು ಇದೆ.)

ಈಗ ನಿನ್ನನ್ನು ಯಾಕೆ ನಂಬಲಿಲ್ಲ ಅಂತ ಹೇಳುತ್ತೇನೆ. ಲೆಮ್ನೋಸ್ ದ್ವೀಪದಲ್ಲಿ ಜೊತೆಯವರು ಬಿಟ್ಟುಹೋದ ಬಿಲ್ಲುಗಾರ ಫಿಲೊಕ್ಟೀಟಿಸ್. ಹಾವು ಕಚ್ಚಿ ಕೊಳೆತ ಕಾಲು, ಕೈಯಲ್ಲಿ ಮಹಾವೀರ ಹೆರಾಕ್ಲಿಸ್‌ನ ಬಿಲ್ಲು. ಹಕ್ಕಿಗೆ ಗುರಿ ತಪ್ಪುವುದಿಲ್ಲ. ಆದರೆ ಬಿದ್ದ ಹಕ್ಕಿಯನ್ನು ತರಲು ಅವನು ಕಾಲೆಳೆದುಕೊಂಡು ತೆವಳಬೇಕು. ನಾಟಕಕಾರ ಸೊಫೊಕ್ಲಿಸ್ ಹೇಳಿದ್ದು ಅಷ್ಟು. ಹತ್ತಿರ ಬರುವ ತನಕ ಕಾದು, ದೂರದ ಹಕ್ಕಿಗಳನ್ನು ಅವನು ಹಾಗೇ ಬಿಟ್ಟುಬಿಡುತ್ತಿದ್ದ ಎಂದು ಬರೆದವಳು ನೀನು. ಅದು ನಿನಗೆ ಹೇಗೆ ಹೊಳೆಯಿತೋ! ಅಲ್ಲಿ ಒಂದೂ ‘ದಿವ್ಯ’ ಇಲ್ಲ, ಗಮನಿಸಿದ್ದೀಯಾ?

ಮೂರನೆಯ ಅಧ್ಯಾಯ ಹರಿದುಹಾಕು. ಹತ್ತಿರದಲ್ಲಿ ಬಿಲ್ಲುಗಾರಿಕೆ ಕಲಿಸುವವರಿದ್ದರೆ ಹೋಗಿ ಒಂದು ಬಿಲ್ಲು ಹಿಡಿದು ನೋಡು. ಬಾಣವಿಲ್ಲದೆ ಪೂರ್ತಿ ಎಳೆದು ಬಿಟ್ಟುಬಿಡಬೇಡ, ಬಿಲ್ಲು ಮುರಿಯುತ್ತದೆ, ಬೈಗುಳ ನಿನಗೆ. ವಾಪಸ್ ಬಂದು ಪ್ಯಾಂಡರಸ್‌ನ ಬಗ್ಗೆ ಬರೆದು ನನಗೆ ಕಳಿಸು. ಟೈಪ್ ಮಾಡಿ ಕಳಿಸು, ನಿನ್ನ ಕೈಬರಹ ಓದುವಷ್ಟು ಕಣ್ಣು ನನಗೆ ಈಗ ಇಲ್ಲ.