ಮಗಳಿಗೊಂದು ಪತ್ರ: ನಾಲ್ಕಾಣೆ ಹೆಚ್ಚಾದ ಸಂಚಿ

ಪ್ರೀತಿಯ ಮಗಳೇ,

ನಿನ್ನ ನಾಟಕದ ಕರಡನ್ನು ಎರಡು ಸಲ ಓದಿದೆ. ‘ತೊಳಿಲಾಳಿ’ ಸಿನಿಮಾ ನೋಡಿದ ಮೇಲೆ ಹೊಳೆದ ಕಥೆ ಅಂದಿದ್ದೀಯ. 1964ರಲ್ಲಿ ಚಿನ್ನಪ್ಪ ತೇವರ್ ತಯಾರಿಸಿ, ಎಂ.ಎ. ತಿರುಮುಗಂ ನಿರ್ದೇಶಿಸಿ, ಎಂಜಿಆರ್ ನಾಯಕನಾಗಿದ್ದ ಚಿತ್ರ ಅದು. ಆ ಹೆಸರಿನಲ್ಲೇ ಅರ್ಧ ಕಥೆ ಇದೆ. ತಮಿಳಿನಲ್ಲಿ ‘ಮುದಲ್’ ಅಂದರೆ ಬಂಡವಾಳ, ಅದನ್ನು ಹಾಕಿದವನು ಮುದಲಾಳಿ. ‘ತೊಳಿಲ್’ ಅಂದರೆ ಕೆಲಸ, ಅದನ್ನು ಮಾಡುವವನು ತೊಳಿಲಾಳಿ. ನಾವು ಮಾತಾಳಿ ಅನ್ನುತ್ತೇವಲ್ಲ, ಅದೇ ‘ಆಳಿ’.

ಆ ಚಿತ್ರದ ಹಾಗೆ ನೀನೂ ಬಸ್ ಕಂಪನಿಯನ್ನೇ ಆರಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ಆದರೆ ನಿನ್ನ ಕರಡಿನಲ್ಲಿ ಜಗಳವೆಲ್ಲ ಯಜಮಾನರ ಬಂಗಲೆಯ ಹಜಾರದಲ್ಲೇ ಹುಟ್ಟುತ್ತದೆ. ಬಸ್ ಕಂಪನಿಯಲ್ಲಿ ಜಗಳ ಹುಟ್ಟುವ ಜಾಗ ಲೆಕ್ಕದ ಮೇಜು. ವೇಬಿಲ್ಲು (ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯುವ ಹಾಳೆ), ಡೀಸೆಲ್ ಪುಸ್ತಕ, ಡ್ಯೂಟಿ ಪಟ್ಟಿ, ಈ ಮೂರು ಕಾಗದ ಗೊತ್ತಾದರೆ ನಿನ್ನ ಖಳನಾಯಕನಿಗೆ ಅಷ್ಟು ಕೂಗಾಡುವ ಕೆಲಸವೇ ಉಳಿಯುವುದಿಲ್ಲ.

ಮೊದಲು ಒಂದು ತಪ್ಪು ತಿದ್ದಿಕೋ. ನಿನ್ನ ಮಧುರೆಯ ಕಂಪನಿಗೆ ‘ಸರ್ಕಾರಿ ಡಿಪೋ ಮ್ಯಾನೇಜರ್’ ಬಂದುಬಿಟ್ಟಿದ್ದಾರೆ. ನಮ್ಮ ಮೈಸೂರು ಸೀಮೆಯಲ್ಲಿ ಸರ್ಕಾರ 1948ರ ಸೆಪ್ಟೆಂಬರ್ 12ರಂದೇ 120 ಬಸ್ಸಿನೊಂದಿಗೆ ರಸ್ತೆಗಿಳಿದಿತ್ತು, ಅದೇ ನಿನ್ನ ತಲೆಯಲ್ಲಿದೆ. ಮಧುರೆಯ ಕಡೆ ಪಾಂಡಿಯನ್ ರೋಡ್‌ವೇಸ್ ಅನ್ನುವ ಸರ್ಕಾರಿ ಬಸ್ ಸಂಸ್ಥೆ ಬಂದದ್ದು 1972ರಲ್ಲಿ. 1964ರಲ್ಲಿ ಅಲ್ಲಿನದು ಖಾಸಗಿ ಬಸ್ಸುಗಳ ಲೋಕ. ಯಜಮಾನನ ಆಸ್ತಿ ಬಸ್ಸು ಅಂದುಕೊಳ್ಳಬೇಡ, ಅವನ ನಿಜವಾದ ಆಸ್ತಿ ಪರ್ಮಿಟ್ಟು, ಅಂದರೆ ಆ ದಾರಿಯಲ್ಲಿ ಬಸ್ಸು ಓಡಿಸುವ ಪರವಾನಗಿ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಅದರ ಅವಧಿ ಮೂರರಿಂದ ಐದು ವರ್ಷ. ನವೀಕರಣದ ವರ್ಷ ಬಂದರೆ ಯಜಮಾನನಿಗೂ ನಿದ್ದೆ ಇಲ್ಲ. ಅವನ ಹೆದರಿಕೆಯನ್ನೂ ಬರೆ, ಪಾತ್ರಕ್ಕೆ ಜೀವ ಬರುತ್ತದೆ.

ಈಗ ವೇಬಿಲ್ಲು. ನಿನ್ನ ಕಂಡಕ್ಟರ್ ಬೆಳಿಗ್ಗೆ ಸಂಚಿ ತೊಗೊಳ್ಳುವಾಗ ಒಂದೊಂದು ಬೆಲೆಯ ಟಿಕೆಟ್ ಕಟ್ಟಿನ ಮೇಲ್ತುದಿಯ ಟಿಕೆಟ್ ನಂಬರನ್ನು ವೇಬಿಲ್ಲಿನಲ್ಲಿ ಬರೆಯಬೇಕು. ಹತ್ತು ಪೈಸೆಯದು 4312, ಇಪ್ಪತ್ತೈದರದು 788, ಐವತ್ತರದು 1190 ಅಂತಿಟ್ಟುಕೋ. ಟ್ರಿಪ್ ಮುಗಿದಾಗ ಕಟ್ಟಿನ ಮೇಲೆ ಉಳಿದಿರುವ ನಂಬರುಗಳು 4379, 812, 1201. ಕಳೆದರೆ 67, 24, 11 ಟಿಕೆಟ್. ದುಡ್ಡು 6 ರೂಪಾಯಿ 70 ಪೈಸೆ, 6 ರೂಪಾಯಿ, 5 ರೂಪಾಯಿ 50 ಪೈಸೆ, ಒಟ್ಟು 18 ರೂಪಾಯಿ 20 ಪೈಸೆ. ಬೆಳಿಗ್ಗೆ ಕೊಟ್ಟ ಚಿಲ್ಲರೆ 5 ರೂಪಾಯಿ ಸೇರಿಸಿದರೆ ಸಂಚಿಯಲ್ಲಿ 23 ರೂಪಾಯಿ 20 ಪೈಸೆ ಇರಬೇಕು.

ಹೊಸಬರು ಹೆಚ್ಚಾಗಿ ಎಡವುತ್ತಿದ್ದದ್ದು ಇಲ್ಲೇ. ಉಳಿದ ಟಿಕೆಟ್ಟಿನ ನಂಬರ್ ಬರೆಯುವ ಬದಲು ಕೊನೆಗೆ ಹರಿದು ಕೊಟ್ಟ ಟಿಕೆಟ್ಟಿನದನ್ನು, ಅಂದರೆ 4378 ಅಂತ ಬರೆದುಬಿಡುತ್ತಿದ್ದರು. ಲೆಕ್ಕದಲ್ಲಿ ಒಂದು ಟಿಕೆಟ್ ಕಡಿಮೆಯಾಗುತ್ತದೆ, ಸಂಚಿಯಲ್ಲಿ ಹತ್ತು ಪೈಸೆ ಹೆಚ್ಚಾಗುತ್ತದೆ. ಕಟ್ಟು ಖಾಲಿಯಾಗಿ ಹೊಸ ಕಟ್ಟು ಬಿಚ್ಚಿದಾಗ ಬೇರೆ ಸಾಲಿನಲ್ಲಿ ಬರೆಯದಿದ್ದರೂ ಇದೇ ಗೋಜಲು.

ನಿನ್ನ ಮೂರನೇ ದೃಶ್ಯದಲ್ಲಿ ಕಂಡಕ್ಟರ್ ಸಂಚಿಯಲ್ಲಿ ದುಡ್ಡು ಕಡಿಮೆ ಬಂದು ಸಿಕ್ಕಿಬೀಳುತ್ತಾನೆ. ಹೆಚ್ಚು ಬರಿಸಿ ನೋಡು. ಕಡಿಮೆ ಬಿದ್ದರೆ ಅವನೇ ಕೈಯಿಂದ ಕಟ್ಟಿ ಮುಗಿಸುತ್ತಾನೆ. ಹೆಚ್ಚು ಬಂದರೆ ಟಿಕೆಟ್ ಕೊಡದೆ ದುಡ್ಡು ಇಸಕೊಂಡಿದ್ದಾನೆ ಅನ್ನುವ ಅನುಮಾನ. ನಿಜಕ್ಕೆ ಆದದ್ದು ಇಷ್ಟೇ ಇರಲಿ: ಒಬ್ಬ ಮುದುಕಿ ಅರ್ಧ ರೂಪಾಯಿ ಕೊಟ್ಟು ಇಪ್ಪತ್ತೈದು ಪೈಸೆಯ ಟಿಕೆಟ್ ತೊಗೊಂಡಳು. ಕೈಯಲ್ಲಿ ಚಿಲ್ಲರೆ ಇರಲಿಲ್ಲ. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟ. ನೂಕುನುಗ್ಗಲಿನಲ್ಲಿ ಅವಳು ಮರೆತು ಇಳಿದುಹೋದಳು. ಈಗ ಸಂಚಿಯಲ್ಲಿ 23 ರೂಪಾಯಿ 45 ಪೈಸೆ ಇದೆ, ಅವನ ಪರವಾಗಿ ಸಾಕ್ಷಿ ಹೇಳಬೇಕಾದ ಚೀಟಿ ಅವಳ ಸೆರಗಿನ ಗಂಟಿನಲ್ಲಿದೆ. ಚೆಕಿಂಗಿನವರು ಹತ್ತಿ ತಲೆ ಎಣಿಸಿ, ಪ್ರತಿ ಸ್ಟೇಜಿನಲ್ಲಿ (ಟಿಕೆಟ್ ದರ ಬದಲಾಗುವ ನಿಲ್ದಾಣದಲ್ಲಿ) ಬರೆದ ನಂಬರಿಗೆ ತಾಳೆ ನೋಡಿ, ಕೊನೆಗೆ ಸಂಚಿ ಸುರಿಸಿ ಎಣಿಸುತ್ತಾರೆ. ಆ ನಾಣ್ಯಗಳನ್ನು ಬೆಲೆವಾರು ಗುಡ್ಡೆ ಹಾಕುವ ಸದ್ದು ಬಿಟ್ಟು ಬೇರೆ ಮಾತು ರಂಗದ ಮೇಲೆ ಬೇಡ. ಈ ದೃಶ್ಯ ಒಂದು ಗೆದ್ದರೆ ನಿನ್ನ ನಾಟಕ ಗೆದ್ದಂತೆ.

ಆ ನಾಣ್ಯಕ್ಕೆ ಯಾರು ಏನನ್ನುತ್ತಾರೆ ಅನ್ನುವುದನ್ನೂ ಗಮನಿಸು. 1957ರ ಏಪ್ರಿಲ್ 1ರಿಂದ ನಯಾಪೈಸೆ ಬಂತು, 1964ರ ಜೂನ್ 1ಕ್ಕೆ ‘ನಯಾ’ ಬಿಟ್ಟು ಬರೀ ಪೈಸೆ ಆಯಿತು. ಹಾಗಾಗಿ ಗುಮಾಸ್ತ ಪೈಸೆ ಅನ್ನಲಿ, ಕಂಡಕ್ಟರ್ ಬಾಯಲ್ಲಿ ಇನ್ನೂ ನಯಾಪೈಸೆ ಇರಲಿ. ಮುದುಕಿಗೆ ಮಾತ್ರ ಅದು ನಾಲ್ಕಾಣೆಯೇ.

ಇನ್ನು ಅಪಘಾತ. ‘ಖಳನು ಬ್ರೇಕ್ ವೈರ್ ಕತ್ತರಿಸುತ್ತಾನೆ’ ಅಂತ ಬರೆದಿದ್ದೀಯ, ಅದನ್ನು ತೆಗೆದುಬಿಡು. ಸೈಕಲ್ಲಿಗಿರುವಂಥ ವೈರು ಬಸ್ಸಿನ ಬ್ರೇಕಿಗೆ ಇರುವುದಿಲ್ಲ. ಆ ಕಾಲದ ಬಸ್ಸಿನಲ್ಲಿ ಬ್ರೇಕಿನ ಪೈಪಿನಲ್ಲಿ ಎಣ್ಣೆ ಇರುತ್ತಿತ್ತು. ಪೈಪು ತುಂಡಾಗಿದ್ದರೆ ಷೆಡ್ಡಿನಿಂದ ಹೊರಡುವಾಗಲೇ ಪೆಡಲು ತಳ ಮುಟ್ಟಿ ಗೊತ್ತಾಗುತ್ತದೆ. ನಿನ್ನ ಬಸ್ಸು ಕೊಡೈಕನಾಲಿನಿಂದ ವತ್ತಲಗುಂಡಿಗೆ ಘಾಟಿ ಇಳಿಯುವುದು ತಾನೇ? ಕಾರಣವನ್ನು ಡೀಸೆಲ್ ಪುಸ್ತಕದಲ್ಲಿಡು. ಡೀಸೆಲ್ ಉಳಿಸಿದವನಿಗೆ ಇನಾಮು, ಹೆಚ್ಚು ಸುಟ್ಟವನ ಸಂಬಳದಲ್ಲಿ ಕಡಿತ ಅಂತ ಯಜಮಾನ ಚೀಟಿ ಅಂಟಿಸುತ್ತಾನೆ. ಡ್ರೈವರ್ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಾನೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅನ್ನುವುದು ಘಾಟಿಯ ನಿಯಮ. ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ, ನ್ಯೂಟ್ರಲ್ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ. ಚಕ್ರದ ಬ್ರೇಕ್ ಡ್ರಮ್ಮು ಕಾದು ಹಿಗ್ಗಿ, ಅದಕ್ಕೆ ಒತ್ತಿ ಹಿಡಿಯುವ ಪಟ್ಟಿಯಾದ ಲೈನಿಂಗಿನಿಂದ ದೂರ ಸರಿಯುತ್ತದೆ, ಲೈನಿಂಗೂ ಹಿಡಿತ ಕಳೆದುಕೊಳ್ಳುತ್ತದೆ.

ರಂಗದ ಮೇಲೆ ಇದು ಒಂದೊಂದಾಗಿ ಬರಲಿ. ಸುಟ್ಟ ವಾಸನೆಯನ್ನು ಹಿಂದಿನ ಸೀಟಿನವರು ಮೊದಲು ಹೇಳುತ್ತಾರೆ. ಆಮೇಲೆ ಪೆಡಲು ಆಳಕ್ಕೆ ಇಳಿಯತೊಡಗುತ್ತದೆ, ಡ್ರೈವರ್ ಮತ್ತೆ ಮತ್ತೆ ತುಳಿಯುತ್ತಾನೆ. ಎರಡನೇ ಗೇರಿಗೆ ಹಾಕಲು ನೋಡಿದರೆ ಆ ವೇಗದಲ್ಲಿ ಗೇರು ಕಿರುಗುಟ್ಟುತ್ತದೆಯೇ ಹೊರತು ಕೂರುವುದಿಲ್ಲ. ಉಳಿದದ್ದು ಒಂದೇ ದಾರಿ, ಕಣಿವೆಯ ಕಡೆ ಹೋಗಗೊಡದೆ ಬೆಟ್ಟದ ಬದಿಗೆ ಗಾಡಿಯನ್ನು ಉಜ್ಜಿಸುವುದು. ನಿಂತೊಡನೆ ಚಕ್ರಕ್ಕೆ ಮರದ ತುಂಡು ಕೊಡಲು ಕೆಳಗೆ ಹಾರುವವನು ಕ್ಲೀನರ್. ನಿನ್ನ ಕರಡಿನಲ್ಲಿ ಕ್ಲೀನರ್ ಹುಡುಗನಿಗೆ ಒಂದು ಮಾತೂ ಇಲ್ಲ, ನನಗೆ ಅದು ನೋವಾಯಿತು.

ಕಾನೂನು ನಿನ್ನ ಕಥೆಗೆ ಬೇಕೇ ಬೇಕು. 1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. 5 ಗಂಟೆ ದುಡಿಸುವುದರೊಳಗೆ ಅರ್ಧ ಗಂಟೆ ಬಿಡುವು. ಬಿಡುವೂ ಸೇರಿ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ದಾಟಕೂಡದು. ಬೆಳಗಿನ 5ಕ್ಕೆ ಹತ್ತಿದವನು ಸಂಜೆ 5ಕ್ಕೆ ಇಳಿಯಬೇಕು. ನಿನ್ನ ಡ್ರೈವರನ್ನು ನೀನು ರಾತ್ರಿ 9ರವರೆಗೆ ಓಡಿಸಿದ್ದೀಯ. ಓಡಿಸು, ಆದರೆ ಅದು ತಪ್ಪು ಅಂತ ಒಬ್ಬನಿಗಾದರೂ ಗೊತ್ತಿರಲಿ. ಆ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಅನ್ವಯಿಸುತ್ತಿತ್ತು. ಒಂದು ಬಸ್ಸಿಗೆ ಡ್ರೈವರ್, ಕಂಡಕ್ಟರ್, ಕ್ಲೀನರ್ ಅಂದರೆ ಮೂರು ಜನ, ಎರಡು ಬಸ್ಸಿಗೆ ಆರು. ನಿನ್ನ ಯಜಮಾನ ಒಂದು ಬಸ್ಸನ್ನು ಹೆಂಡತಿಯ ಹೆಸರಿಗೆ, ಇನ್ನೊಂದನ್ನು ಭಾವಮೈದುನನ ಹೆಸರಿಗೆ ಬರೆಸಲಿ. ಕಾಗದದ ಮೇಲೆ ಯಾರ ಬಳಿಯೂ ಐದು ಜನ ಇಲ್ಲ! ಇದನ್ನು ಕಂಡುಹಿಡಿಯುವ ಕೆಲಸ ಆ ಕಂಡಕ್ಟರನಿಗೇ ಕೊಡು. ನಂಬರ್ ತಾಳೆ ನೋಡುವ ಕಣ್ಣು ಅವನದು.

ಖಾಸಗಿ ಬಸ್ಸಿನ ಓಟ ಕಣ್ಣಾರೆ ನೋಡಬೇಕಾದರೆ ಮಧುರೆಯವರೆಗೂ ಹೋಗಬೇಕಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಒಂದು ಬೆಳಗು ನಿಲ್ಲು. ಮುಂದಿನ ಬಸ್ಸು ಎರಡು ನಿಮಿಷ ತಡೆದು ನಿಂತರೆ ಹಿಂದಿನ ಬಸ್ಸಿನ ಜನವೆಲ್ಲ ಅದಕ್ಕೇ ಹತ್ತಿಬಿಡುತ್ತಾರೆ. ಆ ಎರಡು ನಿಮಿಷಕ್ಕಾಗಿ ಕಂಡಕ್ಟರುಗಳು ಹೇಗೆ ಹೊಡೆದಾಡುತ್ತಾರೆ ಅಂತ ಕಿವಿಗೊಟ್ಟು ಕೇಳು. ಅವರ ಸೀಟಿಯನ್ನೂ ಕೇಳಿಸಿಕೊ. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ನಿನ್ನ ಕರಡಿನಲ್ಲಿ ಇದು ತಿರುವುಮುರುವಾಗಿದೆ.

ತಿದ್ದಿದ ಮೂರನೇ ದೃಶ್ಯವನ್ನು ಮೊದಲು ಕಳಿಸು. ವೇಬಿಲ್ಲಿನ ನಂಬರುಗಳನ್ನು ನಾನೇ ಕೂಡಿ ಕಳೆದು ನೋಡುತ್ತೇನೆ.

ಇತಿ,
ನಿನ್ನ ಅಮ್ಮ