ಒಲೆ, ಸಾಲ, ಕೂಲಿ: ಆಲೆಮನೆ ಸಂಶೋಧನೆ ಕುರಿತು ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೆ,

ಆಲೆಮನೆಯಲ್ಲಿ ಟೈರು, ಪ್ಲಾಸ್ಟಿಕ್ ಉರಿಸಬಾರದು, ಬೆಲ್ಲಕ್ಕೆ ಹೈಡ್ರೋಸ್ (ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕ ಪುಡಿ) ಹಾಕಬಾರದು ಎಂಬ ಮಾತು ಜಿಲ್ಲೆಯಲ್ಲಿ ಹಳೆಯದು. ತಪಾಸಣೆ, ದಂಡ, ತಿಳಿವಳಿಕೆ ಶಿಬಿರ ಎಲ್ಲವೂ ಆಗಿವೆ. ಆದರೂ ಹೊಗೆ ನಿಂತಿಲ್ಲ. ಇದನ್ನು ಶಿಸ್ತಿನ ಪ್ರಶ್ನೆಯೆಂದು ನೋಡುವುದನ್ನು ಬಿಟ್ಟು ಸಂಶೋಧನೆಯ ಪ್ರಶ್ನೆಯೆಂದು ನೋಡಿ, ಅದಕ್ಕೆ ಮೂರು ವರ್ಷದ ಹಣವನ್ನು ಒಂದೇ ತಂಡಕ್ಕೆ ಕೊಡಿ ಎಂದು ಕೇಳಲು ಈ ಪತ್ರ. ಬರೆಯುತ್ತಿರುವ ನಾವು ಎಂಜಿನಿಯರಿಂಗ್, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಕಲಿಸುವವರು.

ಮೊದಲು ಒಲೆಯ ಲೆಕ್ಕ. ಒಂದು ಟನ್ ಕಬ್ಬು ಗಾಣಕ್ಕೆ ಕೊಟ್ಟರೆ ಸುಮಾರು 650 ಕೆ.ಜಿ. ಕಬ್ಬಿನ ಹಾಲು, 350 ಕೆ.ಜಿ. ಹಸಿ ಸಿಪ್ಪೆ. ಆ ಹಾಲಿನಿಂದ ಸಿಗುವ ಬೆಲ್ಲ ಹತ್ತಿರ ಹತ್ತಿರ 100 ಕೆ.ಜಿ. ಅಂದರೆ 550 ಕೆ.ಜಿ. ನೀರನ್ನು ಆವಿಯಾಗಿಸಬೇಕು. ಒಂದು ಕೆ.ಜಿ. ನೀರು ಆವಿಯಾಗಲು 2.26 ಮೆಗಾಜೂಲ್ ಶಾಖ ಬೇಕು. ಹಾಲನ್ನು ಕುದಿಯುವ ಮಟ್ಟಕ್ಕೆ ಏರಿಸುವ ಶಾಖವನ್ನೂ ಸೇರಿಸಿದರೆ ಒಟ್ಟು 1,430 ಮೆಗಾಜೂಲ್. ಈಗ ಇನ್ನೊಂದು ಬದಿ ನೋಡಿ. ಹಸಿ ಸಿಪ್ಪೆಯಲ್ಲಿ ಅರ್ಧ ನೀರೇ ಇರುತ್ತದೆ. ಅದನ್ನು ಶೇ 10ರ ತೇವಕ್ಕೆ ಬಿಸಿಲಲ್ಲಿ ಒಣಗಿಸಿದರೆ ಉಳಿಯುವುದು 195 ಕೆ.ಜಿ., ಅದರಿಂದ ಸಿಗುವ ಶಾಖ ಸುಮಾರು 2,900 ಮೆಗಾಜೂಲ್. ಹಾಗಾಗಿ ಉರಿದ ಶಾಖದಲ್ಲಿ ಅರ್ಧದಷ್ಟಾದರೂ ಕೊಪ್ಪರಿಗೆಗೆ ತಲುಪಿದರೆ ಮಾತ್ರ ಕಬ್ಬು ತನ್ನ ಸಿಪ್ಪೆಯಲ್ಲೇ ಬೆಲ್ಲವಾಗುತ್ತದೆ. ಒಂದೇ ಕೊಪ್ಪರಿಗೆಯ, ಬಾಯಿ ತೆರೆದ ಒಲೆಯಲ್ಲಿ ಅಷ್ಟು ತಲುಪುವುದೇ ಇಲ್ಲ. ಬಹುಪಾಲು ಚಿಮಣಿಯಲ್ಲಿ, ಉಳಿದದ್ದು ಗೋಡೆಯಲ್ಲಿ, ಅರೆಬೆಂದ ಕರಿಯಲ್ಲಿ ಹೋಗುತ್ತದೆ. ಕೊರತೆ ತುಂಬಲು ಹೊರಗಿನ ಉರುವಲು ಬೇಕು, ಅದರಲ್ಲಿ ಅಗ್ಗದ್ದು ಟೈರು.

ಒಲೆ ಸುಧಾರಿಸುವ ವಿದ್ಯೆ ಹೊಸದೇನಲ್ಲ. ಒಂದರ ಹಿಂದೆ ಒಂದು ಕೊಪ್ಪರಿಗೆ ಕೂರಿಸಿ, ಮೊದಲನೆಯದರಲ್ಲಿ ಪಾಕ ಕಾಯಿಸಿ, ಹಿಂದಿನದರಲ್ಲಿ ಹೊಸ ಹಾಲನ್ನು ಬಿಸಿ ಮಾಡುವುದು. ಚಿಮಣಿಗೆ ಮುಚ್ಚಳ ಇಟ್ಟು ಗಾಳಿಯನ್ನು ಹಿಡಿತದಲ್ಲಿಡುವುದು. ಒಲೆಯ ಒಳಗೋಡೆಗೆ ಬೆಂಕಿ ಇಟ್ಟಿಗೆ ಕಟ್ಟುವುದು. ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಿ ಇದೆಲ್ಲ ಸಿಗುತ್ತದೆ. ಆದರೆ ಕಟ್ಟಿದ ಮೇಲೆ ಏನು ಕೆಡುತ್ತದೆ ಎಂಬುದು ವರದಿಗೆ ಬರುವುದಿಲ್ಲ. ಬೆಂಕಿ ಇಟ್ಟಿಗೆಯನ್ನು ಸಾಮಾನ್ಯ ಸಿಮೆಂಟಿನಲ್ಲಿ ಕೂರಿಸಿದರೆ ಒಂದೇ ಹಂಗಾಮಿಗೆ ಬಿರುಕು ಬಿಡುತ್ತದೆ, ಅದಕ್ಕೆ ಬೆಂಕಿಮಣ್ಣಿನ ಗಾರೆಯೇ ಆಗಬೇಕು. ಬೂದಿ ಗುಂಡಿ ತುಂಬಿದರೆ ಕೆಳಗಿನಿಂದ ಗಾಳಿ ಬಾರದೆ ಬೀಡುಕಬ್ಬಿಣದ ಸರಳು ಸೊಟ್ಟಗಾಗುತ್ತದೆ. ಕೊಪ್ಪರಿಗೆಯ ತಳಕ್ಕೆ ಶಾಖ ಹೀರುವ ಪಟ್ಟಿ ಬೆಸುಗೆ ಹಾಕಿದರೆ ಮೊದಲ ವಾರ ಚೆನ್ನಾಗಿ ನಡೆಯುತ್ತದೆ. ಆಮೇಲೆ ಪಟ್ಟಿಗಳ ನಡುವೆ ಮಸಿ ಕಟ್ಟಿ ಲಾಭ ಕರಗುತ್ತದೆ, ಅದನ್ನು ಕೆರೆಯಲು ಯಾರಿಗೂ ಕೈ ಎಟುಕುವುದಿಲ್ಲ. ಫ್ಯಾನ್ ಇಟ್ಟರೆ ಕರೆಂಟು ಹೋದ ಗಳಿಗೆ ಹೊಗೆ ಉರಿ ಹಾಕುವವರ ಮುಖಕ್ಕೇ ನುಗ್ಗುತ್ತದೆ. ಇವು ಬಯಲಿಗೆ ಬರಲು ಒಂದು ಪೂರ್ತಿ ಹಂಗಾಮು ಬೇಕು. ನಾಲ್ಕು ತಿಂಗಳ ವಿದ್ಯಾರ್ಥಿ ಪ್ರಾಜೆಕ್ಟಿಗೆ ಆ ಕಾಲಾವಕಾಶ ಇರುವುದಿಲ್ಲ.

ಒಲೆಗೂ ಹೈಡ್ರೋಸಿಗೂ ನೇರ ನಂಟಿದೆ. ಉರಿ ಸಾಲದೆ ಹಾಲು ಹೆಚ್ಚು ಹೊತ್ತು ಕಾದಷ್ಟೂ ಅದರ ಸಕ್ಕರೆ ಒಡೆದು ಬಣ್ಣ ಕಪ್ಪಾಗುತ್ತದೆ, 118–120 ಡಿಗ್ರಿಯಲ್ಲಿ ಇಳಿಸಿದರೂ ಅಚ್ಚು ಗಟ್ಟಿ ನಿಲ್ಲುವುದಿಲ್ಲ. ಎಪಿಎಂಸಿಯಲ್ಲಿ ಬಕೆಟ್ ಬೆಲ್ಲವಾಗಲಿ ಕುರಿಕಾಲು ಅಚ್ಚಾಗಲಿ, ಕಣ್ಣಳತೆಯಲ್ಲೇ ದರ ಕೂಗುವುದು. ಹಳದಿಗೆ ಹೆಚ್ಚು, ಕಂದಿಗೆ ಕಡಿಮೆ. ಆದ್ದರಿಂದ ಕೊನೆಯಲ್ಲಿ ಹೈಡ್ರೋಸ್ ಪುಡಿ ಬೀಳುತ್ತದೆ. ಅದು ಬಣ್ಣವನ್ನು ತಾತ್ಕಾಲಿಕವಾಗಿ ತಿಳಿಯಾಗಿಸುತ್ತದೆ ಅಷ್ಟೆ. ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ, ಗಂಧಕದ ಅಂಶ ಒಳಗೇ ಉಳಿಯುತ್ತದೆ. ಬೆಂಡೆಕಾಯಿ ಗಿಡದ ಲೋಳೆಯಿಂದ ಮಡ್ಡಿ ತೆಗೆಯಿರಿ ಎಂಬ ಸಲಹೆ ಸರಿಯೇ. ಆದರೆ ಬೆಂಡೆ ಮಡ್ಡಿಯನ್ನು ತೆಗೆದೀತೇ ಹೊರತು ನಿಧಾನದ ಉರಿ ತಂದ ಬಣ್ಣವನ್ನು ತೆಗೆಯಲಾರದು. ಇಷ್ಟನ್ನೂ ಹೇಳದೆ ಕೊಡುವ ತರಬೇತಿಯನ್ನು ಆಲೆಮನೆಯವರು ನಂಬದಿದ್ದರೆ ಅದು ಅವರ ತಪ್ಪಲ್ಲ.

ಹಾಗಿದ್ದರೆ ಒಳ್ಳೆಯ ಒಲೆಯನ್ನು ಏಕೆ ಕಟ್ಟಿಸುವುದಿಲ್ಲ? ಇದಕ್ಕೆ ಉತ್ತರ ಎಂಜಿನಿಯರಿಂಗ್ ವಿಭಾಗದಲ್ಲಿ ಸಿಗದು. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಪಡಿಸಿದ ಉತ್ಪನ್ನ ಬೆಲ್ಲವೇ. ಕೇಂದ್ರದ ಸಹಾಯಧನ ಶೇ 35, ರಾಜ್ಯದ ಪಾಲು ಸೇರಿ ಶೇ 50, ಗರಿಷ್ಠ 15 ಲಕ್ಷ ರೂಪಾಯಿ. ಕೇಳಲು ಉದಾರವಾಗಿದೆ. ಆದರೆ ಆ ಹಣ ಸಾಲಕ್ಕೆ ಜೋಡಿಸಿದ್ದು. ಬ್ಯಾಂಕಿನಲ್ಲೇ 3 ವರ್ಷ ಇದ್ದು, ಆಗಲೂ ಸಾಲದ ಖಾತೆ ಸುಸ್ಥಿತಿಯಲ್ಲಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. 5 ಲಕ್ಷ ಸಾಲ, ಶೇ 10 ಬಡ್ಡಿ, 5 ವರ್ಷ ಎಂದುಕೊಂಡರೆ ತಿಂಗಳ ಕಂತು ಸುಮಾರು 10,600 ರೂಪಾಯಿ. ಮಳೆಗಾಲದಲ್ಲಿ ಸಿಪ್ಪೆ ಒಣಗದೆಯೋ, ನಾಲೆಗೆ ನೀರು ಬಿಡದೆ ಕಬ್ಬು ಸಿಗದೆಯೋ ಆಲೆಮನೆ ನಾಲ್ಕು ತಿಂಗಳು ನಿಂತರೆ 42,000 ರೂಪಾಯಿಗೂ ಮೇಲೆ ಬಾಕಿ. ಬೆಳೆ ಸಾಲಕ್ಕಾದರೆ ಬಾಕಿಯನ್ನು ಬೆಳೆಯ ಹಂಗಾಮಿನ ಲೆಕ್ಕದಲ್ಲಿ ನೋಡುತ್ತಾರೆ. ಆಲೆಮನೆ ಸಾಲಕ್ಕೆ ಆ ರಿಯಾಯಿತಿ ಇಲ್ಲ, 90 ದಿನ ದಾಟಿದರೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಸಹಾಯಧನವೇ ಕೈತಪ್ಪುವ ಸ್ಥಿತಿ! ಪೌತಿ ಖಾತೆಯಾಗದೆ ತಾತನ ಹೆಸರಲ್ಲೇ ಉಳಿದ ಪಹಣಿ, ಬಾಡಿಗೆಗೆ ನಡೆಸುವ ಆಲೆಮನೆಗಳ ತೊಡಕು ಬೇರೆ. ಹೀಗಾಗಿ ಹಣ ಬರುವುದು ಮಂಡಿಯ ಮುಂಗಡದಿಂದ. ಮುಂಗಡ ಕೊಟ್ಟ ಮಂಡಿಗೇ ಬೆಲ್ಲ ಹಾಕಬೇಕು, ಅಲ್ಲಿ ಹಳದಿ ಬೆಲ್ಲಕ್ಕೇ ಬೆಲೆ.

ಮೂರನೆಯದು ಕೂಲಿ. ಗಾಣ, ಒಲೆ, ಅಚ್ಚಿನ ಕೆಲಸಕ್ಕೆ ಉತ್ತರ ಪ್ರದೇಶದಿಂದಲೂ ಕುಟುಂಬಗಳು ಬಂದು ಆಲೆಮನೆಯ ಪಕ್ಕದ ಶೆಡ್ಡಿನಲ್ಲಿರುತ್ತವೆ. ಕೊಪ್ಪರಿಗೆಯ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಒಲೆ ಚುರುಕಾದರೆ ದಿನಕ್ಕೆ ಕೊಪ್ಪರಿಗೆ ಹೆಚ್ಚುತ್ತದೆ, ದುಡಿತವೂ ಬಿಸಿಯೂ ಹೆಚ್ಚುತ್ತದೆ. ದಿನಗೂಲಿಯ ಕಡೆ ಲಾಭವೆಲ್ಲ ಮಾಲೀಕರಿಗೇ ಹೋಗುತ್ತದೆ. ಉರಿ ಹಾಕಲು ಯಂತ್ರ ಬಂದರೆ, ಪಡೆದ ಮುಂಗಡ ಇನ್ನೂ ತೀರದ ಕೂಲಿಯವರೊಬ್ಬರ ಕೆಲಸವೇ ಹೋಗುತ್ತದೆ. ಮಹಿಳೆಯರ ಪಾಲಿನ ಸಿಪ್ಪೆ ಒಣಗಿಸುವ ಕೆಲಸ ಕೂಲಿ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣುವುದೇ ಅಪರೂಪ. ಶೇ 10ರ ತೇವ ಬೇಕೆಂದು ಎಂಜಿನಿಯರು ಬರೆದಾಗ ಆ ದುಡಿತವೇ ಹೆಚ್ಚುತ್ತದೆ. ಒಲೆಯ ನಕ್ಷೆ ಬರೆಯುವ ಮೊದಲೇ ಇದನ್ನು ಅಳೆಯಬೇಕು, ಮಾಲೀಕರ ಒಪ್ಪಿಗೆಯ ಜೊತೆ ಕೂಲಿಯವರ ಒಪ್ಪಿಗೆಯನ್ನೂ ಪಡೆಯಬೇಕು.

ನಮ್ಮ ಪ್ರಸ್ತಾವ ಇದು. ಮಂಡ್ಯ, ಮದ್ದೂರು, ಪಾಂಡವಪುರ ತಾಲ್ಲೂಕುಗಳಲ್ಲಿ 12 ಆಲೆಮನೆ. ಮೊದಲ ಹಂಗಾಮಿನಲ್ಲಿ ಏನನ್ನೂ ಬದಲಿಸದೆ ಬರೀ ಅಳತೆ: ಕೊಪ್ಪರಿಗೆಯ ಕೆಳಗೆ, ಹೊಗೆದಾರಿಯಲ್ಲಿ, ಚಿಮಣಿಯಲ್ಲಿ ಶಾಖ ಅಳೆಯುವ ಒಂದೊಂದು ಕೆ-ಮಾದರಿ ಥರ್ಮೋಕಪಲ್, ದಿನವೂ ತೂಗಿದ ಉರುವಲು, ವಾರಕ್ಕೊಮ್ಮೆ 105 ಡಿಗ್ರಿಯಲ್ಲಿ ಒಣಗಿಸಿ ನೋಡಿದ ಸಿಪ್ಪೆಯ ತೇವ, ಕಬ್ಬಿನ ತಳಿ, ಕಡಿದು ಎಷ್ಟು ಗಂಟೆಯಾಯಿತು, ಹಾಲಿನ ಬ್ರಿಕ್ಸ್ (ಸಕ್ಕರೆಯ ಸಾಂದ್ರತೆ), ಜೊತೆಗೆ ನಗದು ಲೆಕ್ಕ ಮತ್ತು ಕೂಲಿಯ ದಿನಚರಿ. ಎರಡನೇ ಹಂಗಾಮಿಗೆ ಚೀಟಿ ಎತ್ತಿ ಆರು ಕಡೆ ಒಲೆ ಬದಲಿಸುವುದು, ಆರನ್ನು ಹಾಗೇ ಬಿಡುವುದು. ಹಾಗೆ ಬಿಡದಿದ್ದರೆ ಲಾಭ ಬಂದದ್ದು ಒಲೆಯಿಂದಲೋ ಆ ವರ್ಷದ ಒಳ್ಳೆಯ ಕಬ್ಬಿನಿಂದಲೋ ಹೇಳಲಾಗದು. ಅಳೆಯುವವರು ಬಂದ ದಿನ ಟೈರು ಮರೆಯಾಗುವುದು ಖಂಡಿತ, ಅದಕ್ಕೇ ಉರುವಲು ಖರೀದಿಯ ಲೆಕ್ಕವನ್ನೂ ಹೊಂದಿಸಿ ನೋಡಬೇಕು. ಮೂರನೇ ಹಂಗಾಮು ರಿಪೇರಿಗೆ, ಉಳಿದ ಆರಕ್ಕೂ ಒಲೆ ಕಟ್ಟಿಕೊಡಲು.

ಖರ್ಚು ನಮ್ಮ ಅಂದಾಜಿನಲ್ಲಿ ಹೀಗಿದೆ: ಉಪಕರಣಕ್ಕೆ ಆಲೆಮನೆಗೆ 45,000ದಂತೆ 5.4 ಲಕ್ಷ, 12 ಒಲೆಗೆ ತಲಾ 1.5 ಲಕ್ಷದಂತೆ 18 ಲಕ್ಷ. ಮೂರು ವಿಭಾಗದಿಂದ ಒಬ್ಬೊಬ್ಬ ಸಂಶೋಧಕರಿಗೆ, ಕೇಂದ್ರ ನಿಗದಿಪಡಿಸಿದ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000, ಮೂರನೇ ವರ್ಷ 42,000ದಂತೆ, ಮನೆಬಾಡಿಗೆ ಭತ್ಯೆ ಬಿಟ್ಟು 41.76 ಲಕ್ಷ. ಓಡಾಟ, ಪರೀಕ್ಷೆ ಸೇರಿ 75 ಲಕ್ಷದೊಳಗೆ ಮುಗಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಹಣ ಜನರಿಗೇ ಹೋಗುತ್ತದೆ, ಹೋಗಬೇಕು. ಅನುದಾನಗಳಲ್ಲಿ ಯಂತ್ರಕ್ಕೆ ಸುಲಭವಾಗಿ ಸಿಗುವ ಒಪ್ಪಿಗೆ ಆಳಿಗೆ ಸಿಗುವುದಿಲ್ಲ. ಆಮೇಲೆ ಯಂತ್ರ ಪ್ರಯೋಗಾಲಯದ ಮೂಲೆಯಲ್ಲಿ ದೂಳು ತಿನ್ನುತ್ತದೆ.

2020–21ರ ಲೆಕ್ಕದಂತೆ ದೇಶ ಸಂಶೋಧನೆಗೆ ಖರ್ಚು ಮಾಡಿದ್ದೇ ಜಿಡಿಪಿಯ ಶೇ 0.64ರಷ್ಟು. 2023ರ ಕಾಯ್ದೆಯಂತೆ ರಚನೆಯಾದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ 5 ವರ್ಷದಲ್ಲಿ 50,000 ಕೋಟಿ ಎಂದಿದ್ದರೂ ಆಲೆಮನೆಯ ಒಲೆ ಆ ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ. ಇದು ಜಿಲ್ಲೆಯೇ ಹೊರಬೇಕಾದ ಕೆಲಸ. ಬೇಕಾದ ವಿದ್ಯೆ ದೂರವೂ ಇಲ್ಲ: ಕಬ್ಬಿನ ತಳಿಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ, ಒಲೆಗೆ 1962ರಿಂದ ಇರುವ ಪಿಇಎಸ್ ಎಂಜಿನಿಯರಿಂಗ್ ಕಾಲೇಜು, ಬೆಲ್ಲದ ಪರೀಕ್ಷೆಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಸಾಲ ಮತ್ತು ಕೂಲಿಯ ಅಧ್ಯಯನಕ್ಕೆ ಮೈಸೂರು ವಿಶ್ವವಿದ್ಯಾಲಯ.

ತಮ್ಮಿಂದ ಆಗಬೇಕಾದದ್ದು ಇಷ್ಟು. ಹಣ ಮಾರ್ಚ್ 31ಕ್ಕೆ ವಾಪಸ್ ಹೋಗದಂತೆ, ಹಂಗಾಮಿಗೆ ತಕ್ಕಂತೆ ಬಿಡುಗಡೆಯಾಗಲಿ. ಫೆಬ್ರುವರಿಯಲ್ಲಿ ಬಂದ ಹಣದಲ್ಲಿ ಕೊಟೇಶನ್ ಕರೆದು ಉಪಕರಣ ಕೊಳ್ಳುವುದಷ್ಟೇ ಆಗುತ್ತದೆ. ಮೂರೂ ವಿಭಾಗದವರ ಸಹಿ ಇಲ್ಲದೆ ಒಂದು ಕಂತೂ ಬಿಡುಗಡೆಯಾಗದಿರಲಿ. ಆಲೆಮನೆ ಸಾಲದ ಕಂತನ್ನು ಮಳೆಗಾಲದಲ್ಲಿ ಬಿಟ್ಟು ಹಂಗಾಮಿನಲ್ಲಿ ಹೆಚ್ಚಿಸಿ ಕಟ್ಟಿಸಿಕೊಳ್ಳುವ ವಿಷಯವನ್ನು, ಜಿಲ್ಲೆಯ ಬ್ಯಾಂಕುಗಳ ಸಾಲವನ್ನು ಸಮನ್ವಯಗೊಳಿಸುವ ಲೀಡ್ ಬ್ಯಾಂಕಿನ ಮುಂದೆ ತಾವೇ ಇಡಬೇಕು, ಅಧ್ಯಾಪಕರು ಹೇಳಿದರೆ ನಡೆಯುವುದಿಲ್ಲ. ಫಲಿತಾಂಶ, ಒಲೆ ಸೋತರೆ ಸೋತದ್ದೂ ಸೇರಿ, ಕನ್ನಡದಲ್ಲಿ ಎಪಿಎಂಸಿ ಪ್ರಾಂಗಣದಲ್ಲಿ ಅಂಟಿಸುವ ಷರತ್ತನ್ನು ಮಂಜೂರಾತಿ ಆದೇಶದಲ್ಲೇ ಬರೆಯಿರಿ. ಮುಂದಿನ ಕೆಡಿಪಿ (ಜಿಲ್ಲೆಯ ಅಭಿವೃದ್ಧಿ ಪರಿಶೀಲನಾ) ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಿದರೆ, ಅಳತೆಯ ನಮೂನೆ, ಒಲೆಯ ನಕ್ಷೆ, ವೆಚ್ಚಪಟ್ಟಿಯೊಂದಿಗೆ ಹಾಜರಾಗುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಂಡ್ಯ ಮತ್ತು ಮೈಸೂರಿನ ಎಂಜಿನಿಯರಿಂಗ್, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಅಧ್ಯಾಪಕರು