ಹದಿನೈದು ತುಂಬಿದ ಕಾರಿಗೆ ಎಫ್‌ಸಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅಪ್ಪನ ಆಲ್ಟೊಗೆ ಹದಿನೈದು ವರ್ಷ ತುಂಬುತ್ತಿದೆ, ಗುಜರಿಗೆ ಹಾಕು ಅಂತ ಎಲ್ಲರೂ ಹೇಳುತ್ತಿದ್ದಾರೆ ಅಂತ ಬರೆದಿದ್ದೀಯ. ದಯವಿಟ್ಟು ಆ ಮಾತು ಕೇಳಬೇಡ. ಹದಿನೈದು ವರ್ಷವಾದ ಪೆಟ್ರೋಲ್ ಕಾರು ರಸ್ತೆಗೆ ಇಳಿಯಬಾರದು ಅನ್ನೋದು ದೆಹಲಿ ಸುತ್ತಮುತ್ತಲಿನ ಮಾತು. ನಮ್ಮಲ್ಲಿ ಕಾರು ಗಟ್ಟಿಯಾಗಿದ್ದರೆ ಆರ್‌ಟಿಓಗೆ ತೋರಿಸಿ (ಇದನ್ನೇ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸೋದು ಅನ್ನೋದು) ಆರ್‌ಸಿಯನ್ನು, ಅಂದರೆ ನೋಂದಣಿ ಪತ್ರವನ್ನು, ಇನ್ನೈದು ವರ್ಷಕ್ಕೆ ಮುಂದುವರಿಸಬಹುದು. ಅದಾದ ಮೇಲೆ ಮತ್ತೈದು ವರ್ಷಕ್ಕೂ ಆಗುತ್ತದೆ.

ಏಜೆಂಟ್ ಒಬ್ಬ ಗಾಡಿ ತರೋದೇ ಬೇಡ, ದುಡ್ಡು ಕೊಟ್ಟರೆ ಸಾಕು ಅಂದನಂತೆ. ಬೇಡ ಕಣೋ. ಯಾರೂ ನೋಡದೆ ಪಾಸಾದ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವವನು ನೀನು. ಇನ್‌ಸ್ಪೆಕ್ಟರ್ ನೋಡುವುದೆಲ್ಲ ನಿನಗೂ ಬೇಕಾದದ್ದೇ: ಲೈಟು, ಹಾರ್ನು, ಬ್ರೇಕು, ಟೈರು, ವೈಪರು. ಅದರಲ್ಲಿ ಮುಕ್ಕಾಲು ಪಾಲು ಕೆಲಸ ಮನೆಯ ಅಂಗಳದಲ್ಲೇ ಆಗುತ್ತದೆ.

ಲೈಟಿನಿಂದ ಶುರು ಮಾಡು. ಸಂಜೆ ಹೊತ್ತು ಕಾರಿನ ಹಿಂಭಾಗವನ್ನು ಗೋಡೆಗೆ ಹತ್ತಿರ ನಿಲ್ಲಿಸಿ ಒಂದೊಂದೇ ಸ್ವಿಚ್ ಹಾಕು. ಬೆಳಕು ಗೋಡೆ ಮೇಲೆ ಬೀಳುವುದರಿಂದ ಒಬ್ಬನೇ ನೋಡಬಹುದು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾದರೆ, ಅಥವಾ ಹಿಂದಿನ ದೀಪಗಳು ಒಂದಕ್ಕೊಂದು ಸೇರಿಕೊಂಡು ಮಿಣುಕಿದರೆ, ತಕ್ಷಣ ಬಲ್ಬ್ ತರಲು ಓಡಬೇಡ. ನಮ್ಮ ಮಲೆನಾಡಿನ ಮಳೆಯಲ್ಲಿ ಇದ್ದ ಕಾರಿಗೆ ಅದು ಹೆಚ್ಚಾಗಿ ಅರ್ತಿಂಗ್ ತೊಂದರೆ. ಡಿಕ್ಕಿ ತೆಗೆದು ಲ್ಯಾಂಪಿನ ಹಿಂದಿನಿಂದ ಹೋಲ್ಡರ್ ಬಿಚ್ಚು. ಒಳಗಿನ ತಗಡಿನ ಮೇಲೆ ಹಸಿರು, ಬಿಳಿ ಪುಡಿ ಕೂತಿರುತ್ತದೆ. ಎಮರಿ ಪೇಪರಿನ ಸಣ್ಣ ತುಂಡಿನಿಂದ ಲೋಹ ಹೊಳೆಯುವವರೆಗೆ ಉಜ್ಜು. ಕಪ್ಪು ವೈರು (ಅದೇ ಅರ್ತಿಂಗ್) ಕಾರಿನ ತಗಡಿನ ಮೈಗೆ ಸೇರುವ ಕಡೆ ಸ್ಕ್ರೂ ಬಿಚ್ಚಿ, ತುಕ್ಕು ತೆಗೆದು, ಮತ್ತೆ ಬಿಗಿ ಮಾಡು. ಬ್ರೇಕ್ ಲೈಟಿನ ಬಲ್ಬ್ 21/5 ವಾಟ್‌ನದು, ಒಳಗೆ ಎರಡು ತಂತಿ ಇರುತ್ತವೆ. ಅದರ ಪಕ್ಕದ ಎರಡು ಗುಬುಟು ಒಂದೇ ಎತ್ತರದಲ್ಲಿ ಇರುವುದಿಲ್ಲ, ಹಾಗಾಗಿ ಬಲ್ಬ್ ಒಂದೇ ರೀತಿಯಲ್ಲಿ ಮಾತ್ರ ಕೂರುತ್ತದೆ. ಕೂರದಿದ್ದರೆ ತಿರುಗಿಸಿ ನೋಡು, ಒತ್ತಾಯ ಮಾಡಬೇಡ. ನಂಬರ್ ಪ್ಲೇಟಿನ ಮೇಲಿನ ಪುಟ್ಟ ದೀಪವನ್ನೂ ನೋಡು. ಎಲ್ಲರೂ ಮರೆಯುವುದು ಅದನ್ನೇ.

ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿಗಟ್ಟಿದ್ದರೆ ಹೊಸದು ಹಾಕಿಸಬೇಕಿಲ್ಲ. ಸುತ್ತಲ ಬಣ್ಣಕ್ಕೆ ಟೇಪ್ ಅಂಟಿಸಿ, ಸಾವಿರ ನಂಬರಿನ ವಾಟರ್ ಪೇಪರಿನಿಂದ ನೀರು ಹಾಕುತ್ತಾ ಉಜ್ಜು, ಆಮೇಲೆ ಎರಡು ಸಾವಿರದ್ದು, ಕೊನೆಗೆ ರಬ್ಬಿಂಗ್ ಕಾಂಪೌಂಡ್. ರಾತ್ರಿ ರಸ್ತೆ ಎಷ್ಟು ಕಾಣುತ್ತದೆ ಅಂತ ನೀನೇ ನೋಡುತ್ತೀಯ.

ಟೈರಿನ ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅಳೆಯಲು ಏನೂ ಬೇಡ. ಆ ಗೀರುಗಳ ಒಳಗೆ ಅಲ್ಲಲ್ಲಿ ಅಡ್ಡ ಉಬ್ಬುಗಳಿರುತ್ತವೆ. ಟೈರು ಅವುಗಳ ಮಟ್ಟಕ್ಕೆ ಬಂದಿದ್ದರೆ ಬದಲಾಯಿಸಲೇಬೇಕು. ಇದರಲ್ಲಿ ಜಿಪುಣತನ ಬೇಡ.

ಬ್ರೇಕಿನ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದರೂ ಇಳಿಜಾರಿನಲ್ಲಿ ಕಾರು ಜಾರಿದರೆ, ಕೇಬಲ್ ಬಿಗಿ ಮಾಡಿ ಸುಮ್ನೆ ಆಗಬೇಡ. ಹಿಂದಿನ ಚಕ್ರದ ಡ್ರಮ್ ಒಳಗೆ ಬ್ರೇಕ್ ಷೂ ಸವೆದಿದ್ದರೆ ಕೇಬಲ್ ಬಿಗಿದಾಗ ಆ ತೊಂದರೆ ಮುಚ್ಚಿಹೋಗುತ್ತದೆ ಅಷ್ಟೆ. ಡ್ರಮ್ ಬಿಚ್ಚಿಸಿ ನೋಡಬೇಕು. ಬ್ರೇಕ್ ಆಯಿಲ್ ಸೋರುತ್ತಿದ್ದರೆ ನೇರ ಮೆಕ್ಯಾನಿಕ್ ಹತ್ತಿರ ಹೋಗು. ಇನ್ನೊಂದು ಮಾತು, ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡ. ಕಾರಿನ ಭಾರ ಹೊರುವ ಜಾಕ್ ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಇಟ್ಟ ಮೇಲೆಯೇ ಕೆಲಸ.

ಎಮಿಷನ್ ಟೆಸ್ಟಿಗೆ ನಿನಗೆ ಜಾಸ್ತಿ ಭಯ ಅಲ್ವಾ? ಬಿಎಸ್-3 (ಇದು ಹೊಗೆಯ ಮಿತಿ ಹೇಳುವ ದರ್ಜೆ) ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.5, ಹೈಡ್ರೋಕಾರ್ಬನ್ 750 ಪಿಪಿಎಂ (ಹತ್ತು ಲಕ್ಷದಲ್ಲಿ 750 ಪಾಲು) ದಾಟಬಾರದು. ಮೊದಲು ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿ. ಬೆಳಕು ಹಾಯದಿದ್ದರೆ ಹೊಸದು ಹಾಕು. ಆಮೇಲೆ ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡು. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಎಣ್ಣೆ ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ, ಅದು ಮೆಕ್ಯಾನಿಕ್ ನೋಡಬೇಕಾದ ವಿಷಯ. ಟೆಸ್ಟಿಗೆ ಹೋಗುವ ಮುಂಚೆ ಹೆದ್ದಾರಿಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಹೋಗು. ಸೈಲೆನ್ಸರ್ ಪೈಪಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದ ಮೇಲೆಯೇ ಹೊಗೆಯನ್ನು ಶುದ್ಧ ಮಾಡುವುದು. ಮನೆಯಿಂದ ತಣ್ಣಗೆ ಹೋಗಿ ನಿಂತರೆ ಒಳ್ಳೆಯ ಕಾರೂ ಫೇಲ್ ಆಗಬಹುದು.

ಕಾಗದದ ಕೆಲಸ ಕಷ್ಟವಿಲ್ಲ. ಫಾರಂ 25 (ನೋಂದಣಿ ನವೀಕರಣದ ಅರ್ಜಿ), ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಶುಲ್ಕ 600 ಇದ್ದದ್ದು 2022ರ ಏಪ್ರಿಲ್‌ನಲ್ಲಿ 5000 ರೂಪಾಯಿ ಆಯಿತು, ಜೊತೆಗೆ ಹಳೆ ಗಾಡಿಗೆ ಹಾಕುವ ಗ್ರೀನ್ ಟ್ಯಾಕ್ಸ್. ಅವಧಿ ಮುಗಿಯಲು 60 ದಿನ ಇರುವಾಗಲೇ ಅರ್ಜಿ ಹಾಕಬಹುದು, ಹಾಗಾಗಿ ಕೊನೆ ವಾರದವರೆಗೆ ಕಾಯಬೇಡ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಇನ್ನೂ ಹಾಕಿಸಿಲ್ಲ ಅಂದರೆ ಅದನ್ನೂ ಈಗಲೇ ಮುಗಿಸು. ಬಾನೆಟ್ ಎತ್ತಿ ಚಾಸಿ ನಂಬರ್ ಇರುವ ಜಾಗದ ಮಣ್ಣು, ಗ್ರೀಸು ಒರೆಸಿಡು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಅಕ್ಷರ ಸ್ಪಷ್ಟವಾಗಿ ಮೂಡಬೇಕು.

ಅಪ್ಪ ಅಷ್ಟು ಜೋಪಾನ ಮಾಡಿದ ಕಾರು ಅದು. ಅದರ ಒಂದೊಂದು ನಟ್ಟು ನಿನ್ನ ಕೈಗೆ ಪರಿಚಯವಾಗಲಿ ಅಂತ ನನ್ನಾಸೆ. ಈ ಭಾನುವಾರ ಲೈಟು, ಪ್ಲಗ್ ನೋಡಿ ಫೋಟೋ ಕಳಿಸು. ಹಿಂದಿನ ಡ್ರಮ್ ಬಿಚ್ಚಿಸುವ ದಿನ ಹೇಳು, ಸಾಗರದಿಂದ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ನನ್ನ ಹತ್ತಿರ ಎರಡು ಸ್ಟ್ಯಾಂಡ್ ಇವೆ, ಅವನ್ನೂ ತರುತ್ತೇನೆ.

ಇಂತಿ ನಿನ್ನ ಗೆಳೆಯ